ನಾಲಿಗೆಯಿಲ್ಲದ ಎಲುಬಿನ ಮಾತು

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಮಟನ್ ಅಂಗಡಿ ಮುಂದೆ ನಿಂತಿರಬೇಕು, ಎಂಟಾದರೆ ನಲ್ಲಿ ಮೂಳೆ ಸಿಗುವುದಿಲ್ಲ ಎಂಬುದು ನಮ್ಮ ಚಿಕ್ಕಪ್ಪ ಕಲಿಸಿದ ಪಾಠ. ನಲ್ಲಿಯನ್ನು ತಟ್ಟೆಗೆ ಟಕಟಕ ಕುಟ್ಟಿ, ಮಜ್ಜೆ ಜಾರಿ ಬೀಳದಿದ್ದರೆ ಬಾಯಿಟ್ಟು ಸರ್ರನೆ ಎಳೆದು, ಆಮೇಲೆ ಮುದ್ದೆ ಮುರಿಯುವ ಅವರ ಶಿಸ್ತನ್ನು ನಾವು ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಆ ಅಭ್ಯಾಸ ನನಗೂ ಅಂಟಿದೆ. ಅಂಗಡಿಯ ಭಾಯ್ ನನ್ನ ಮುಖ ಕಂಡ ಕೂಡಲೇ ಹಿಂಗಾಲಿನ ಒಂದು ಮೂಳೆ ಎತ್ತಿಟ್ಟುಕೊಳ್ಳುತ್ತಾರೆ.

ಮೊನ್ನೆ ಅವರು ಮಾಂಸ ಬಿಡಿಸಿ, ಮೂಳೆಯನ್ನು ಕೊರಡಿನ ಮೇಲೆ ಇಟ್ಟು, ಮಚ್ಚು ಎತ್ತುವಷ್ಟರಲ್ಲಿ 'ಒಂದ್ನಿಮಿಷ ಭಾಯ್' ಎಂದೆ. ಹಾಲುಬಿಳುಪಿನ ಒದ್ದೆ ಮೂಳೆಯ ಮೇಲೆ ಕೆನ್ನೀಲಿ ಗೆರೆಗಳು. ಹಿಂಬದಿಯಲ್ಲಿ, ಮೇಲ್ತುದಿಯಿಂದ ಸ್ವಲ್ಪ ಕೆಳಗೆ, ಗುಂಡುಸೂಜಿಯ ತಲೆ ತೂರುವಷ್ಟು ಒಂದು ಓರೆ ತೂತು. ಬೆರಳಿಟ್ಟು ಒತ್ತಿದರೆ ಒಂದು ಹನಿ ರಕ್ತ ಬಂತು. ಭಾಯ್‌ಗೆ ಇದೇನೂ ಹೊಸದಲ್ಲ. 'ರಕ್ತ ಒಳಗೆ ಹೋಗೋ ದಾರಿ ಸಾರ್ ಅದು. ಎಲ್ಲಾ ಕಾಲಲ್ಲೂ ಇರ್ತದೆ' ಎಂದು ಮಚ್ಚು ಬೀಸಿದರು. ಮೂಳೆ ಎರಡಾಯಿತು. ಒಳಗೆ ಕೆಂಪು ಮಜ್ಜೆ, ತುದಿಯಲ್ಲಿ ಜೇನುಗೂಡಿನಂಥ ಜಾಲಂಧ್ರ.

ಒಳಗೆ ಹೋಗುವ ದಾರಿ ಸರಿ. ಆದರೆ ಹೋದ ರಕ್ತ ಹೊರಗೂ ಬರಬೇಕಲ್ಲ. ಬರುವಾಗ ಏನನ್ನು ಹೊತ್ತು ತರುತ್ತದೆ? ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಮೂಳೆಯ ವಿಜ್ಞಾನ ತಲೆಕೆಳಗಾದದ್ದು ಈ ಪ್ರಶ್ನೆಯಿಂದಲೇ.

'ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಮಾತಾಡುತ್ತೆ' ಎಂದು ನಮ್ಮ ಹಳ್ಳಿಗಳಲ್ಲಿ ಬಯ್ಯುತ್ತಾರೆ. ನಾಲಿಗೆಯಿಲ್ಲದ ಎಲುಬು ಮಾತಾಡುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಮೂಳೆ ಎಂದರೆ ಮನೆಯ ಕಂಬ, ತೊಲೆ. ಹೆಚ್ಚೆಂದರೆ ಸುಣ್ಣದ ಮೂಟೆ. ಸುಶ್ರುತ ಮುನ್ನೂರು ಎಣಿಸಿದ, ಚರಕ ಮುನ್ನೂರ ಅರವತ್ತು ಎಂದ, ಇಂದಿನ ಪಠ್ಯಪುಸ್ತಕ 206 ಎನ್ನುತ್ತದೆ. ಹಲ್ಲು, ಮೆದುಮೂಳೆಗಳನ್ನೂ ಸೇರಿಸುತ್ತಿದ್ದುದರಿಂದ ಹಳಬರ ಲೆಕ್ಕ ದೊಡ್ಡದು. ಅಂತೂ ಎಲ್ಲರೂ ಎಣಿಸಿದವರೇ.

ಮಾತಿನ ಕಥೆಗೆ ಮುಂಚೆ ಮಾತಾಡುವವರು ಯಾರೆಂದು ತಿಳಿಯಬೇಕು. ನಿಮ್ಮ ಮೂಳೆ ದಿನವೂ ಕೆಡವಿ ಕಟ್ಟುತ್ತಿರುವ ಮನೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಆಮ್ಲ ಸುರಿದು ಹಳೆಯ ಮೂಳೆಯಲ್ಲಿ ಗುಳಿ ತೋಡುತ್ತವೆ. ಆಸ್ಟಿಯೋಬ್ಲಾಸ್ಟ್ ಎಂಬ ಗಾರೆಯವರು ಬಂದು ಆ ಗುಳಿ ತುಂಬುತ್ತಾರೆ. ಕೆಡವುವುದಕ್ಕೆ ಎರಡು ಮೂರು ವಾರ ಸಾಕು, ಕಟ್ಟುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಮನೆ ಕಟ್ಟಿಸಿದವರಿಗೆ ಈ ಲೆಕ್ಕ ಹೊಸದಲ್ಲ. ಹೀಗೆ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಅಸ್ಥಿಪಂಜರ ಹೊಸದಾಗುತ್ತದೆ. ಕಟ್ಟುವವರಲ್ಲಿ ಕೆಲವರು ತಾವು ಕಟ್ಟಿದ ಗೋಡೆಯೊಳಗೇ ಹುದುಗಿ ಉಳಿದುಬಿಡುತ್ತಾರೆ. ಅವರಿಗೆ ಆಸ್ಟಿಯೋಸೈಟ್ ಎಂದು ಹೆಸರು. ಮೂಳೆಯ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇವೇ.

ಗೋಡೆಯಲ್ಲಿ ಸಿಕ್ಕಿಕೊಂಡ ಈ ಕೋಶಗಳು ಸುಮ್ಮನೆ ಬಿದ್ದಿರುತ್ತವೆ ಎಂದೇ ಬಹುಕಾಲ ನಂಬಲಾಗಿತ್ತು. ಆದರೆ ಒಂದೊಂದೂ ಹತ್ತಾರು ಸಣ್ಣ ಎಳೆಗಳನ್ನು ಕೂದಲಿಗಿಂತ ಕಿರಿದಾದ ಕಾಲುವೆಗಳಲ್ಲಿ ಚಾಚಿ ಅಕ್ಕಪಕ್ಕದವುಗಳ ಕೈ ಹಿಡಿದಿರುತ್ತದೆ. 2015ರಲ್ಲಿ ಇಬ್ಬರು ವಿಜ್ಞಾನಿಗಳು ಕೂತು ಅಂದಾಜು ಹಾಕಿದರು: ವಯಸ್ಕರೊಬ್ಬರ ಮೂಳೆಗಳಲ್ಲಿ ಸುಮಾರು 4,200 ಕೋಟಿ ಆಸ್ಟಿಯೋಸೈಟ್‌ಗಳು, ಅವುಗಳ ನಡುವೆ 23 ಲಕ್ಷ ಕೋಟಿ ಕೊಂಡಿಗಳು. ಮಿದುಳಿನ ನರಕೋಶಗಳು ಸುಮಾರು 8,600 ಕೋಟಿ ಎಂಬುದನ್ನು ನೆನೆದರೆ, ಈ ಸಂಖ್ಯೆ ಕೇವಲ ಕಂಬ ತೊಲೆಗೆ ಬೇಕಾದದ್ದಲ್ಲ ಎನ್ನಿಸುತ್ತದೆ. ಗಾರೆಯವರ ಮೇಸ್ತ್ರಿ ಗೋಡೆಯೊಳಗೇ ಕೂತು, ಎಲ್ಲಿ ಕೆಡವಬೇಕು, ಎಲ್ಲಿ ಕಟ್ಟಬೇಕು ಎಂದು ಹೇಳುತ್ತಿದ್ದಾನೆ.

ಇನ್ನು ಆ ತೂತಿನ ವಿಚಾರ. 2019ರಲ್ಲಿ ಜರ್ಮನಿಯ ಮಥಿಯಾಸ್ ಗುಂಜರ್ ಅವರ ತಂಡ ಇಲಿಯ ಕಾಲುಮೂಳೆಯನ್ನು ರಾಸಾಯನಿಕಗಳಿಂದ ಗಾಜಿನಂತೆ ಪಾರದರ್ಶಕ ಮಾಡಿ ನೋಡಿತು. ದೊಡ್ಡ ತೂತು ಒಂದೆರಡಿದ್ದರೆ, ಗಟ್ಟಿ ಗೋಡೆಯ ಉದ್ದಕ್ಕೂ ನೂರಾರು ಸೂಕ್ಷ್ಮ ರಕ್ತನಾಳಗಳು ಅಡ್ಡಡ್ಡ ತೂರಿಕೊಂಡು ಹೋಗಿದ್ದವು. ಇಲಿಯ ಆ ಮೂಳೆಯಲ್ಲಿ ಓಡಾಡುವ ರಕ್ತದ ಬಹುಪಾಲು ಈ ಕಿರುದಾರಿಗಳದ್ದೇ. ಮೂಳೆ ಎಂಬುದು ಬಾಗಿಲು ಹಾಕಿದ ಉಗ್ರಾಣವಲ್ಲ, ನೂರು ಕಿಟಕಿಯ ಮನೆ. ನಾವೆಲ್ಲ ಶಾಲೆಯಲ್ಲಿ ಕಲಿತ ಅಂಗದಲ್ಲಿ 2019ರವರೆಗೂ ಯಾರೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ರಕ್ತನಾಳಗಳಿದ್ದವು ಎಂಬುದು ನನಗಂತೂ ಖುಷಿ ಕೊಡುವ ಸಂಗತಿ.

ಮೂಳೆ ಕೇಳಿಸಿಕೊಳ್ಳುತ್ತದೆ ಎಂಬುದು ಹಳೆಯ ಸುದ್ದಿ. ದೇಹದ ಸುಮಾರು ಒಂದು ಕಿಲೋ ಕ್ಯಾಲ್ಸಿಯಂನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆಯಲ್ಲಿದೆ. ರಕ್ತದಲ್ಲಿ ಇರುವುದು 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಮಾತ್ರ. ಆದರೆ ಆ ಚಿಟಿಕೆಯಷ್ಟು ಏರುಪೇರಾದರೂ ಸ್ನಾಯು ಸೆಟೆದುಕೊಳ್ಳುತ್ತದೆ, ಹೃದಯದ ಲಯ ತಪ್ಪುತ್ತದೆ. ಅದಕ್ಕೇ ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕೂತಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಮೂಳೆಗೆ 'ಬಿಡು' ಎನ್ನುತ್ತವೆ, ಮೂತ್ರಪಿಂಡಕ್ಕೆ 'ಹಿಡಿದಿಟ್ಟುಕೋ' ಎನ್ನುತ್ತವೆ. ಮೂತ್ರಪಿಂಡ ಎರಿತ್ರೋಪೊಯೆಟಿನ್ ಕಳಿಸಿ 'ರಕ್ತಕಣ ಸಾಲದು' ಎಂದರೆ ಮಜ್ಜೆ ಕೆಲಸ ಚುರುಕು ಮಾಡುತ್ತದೆ. ಮಾಮೂಲಿ ದಿನದಲ್ಲೇ ಅದು ಸೆಕೆಂಡಿಗೆ ಇಪ್ಪತ್ತು ಲಕ್ಷ ಕೆಂಪು ಕಣ ಹೆರುತ್ತದೆ. ಇದೆಲ್ಲ ಮೇಲಿನವರ ಆಜ್ಞೆ, ಕೆಳಗಿನವರ ಪಾಲನೆ. ಮೂಳೆ ಬಾಯಿ ತೆರೆದು ತಾನೇ ಆಜ್ಞೆ ಕೊಡುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಒಂದು ಗಂಟಿನಿಂದ.

1959ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಆಂಡ್ರಿಯಾ ಪ್ರಾಡರ್ ಹನ್ನೊಂದು ವರ್ಷದ ಒಬ್ಬ ಹುಡುಗಿಯ ವಿಚಾರ ಬರೆದರು. ಅವಳಿಗೆ ತೀವ್ರ ರಿಕೆಟ್ಸ್, ಮೂಳೆಗಳು ಮೆತ್ತಗಾಗಿದ್ದವು. ರಂಜಕ, ಅಂದರೆ ಫಾಸ್ಫರಸ್, ಫಾಸ್ಫೇಟ್ ರೂಪದಲ್ಲಿ ಮೂತ್ರದೊಂದಿಗೆ ಹರಿದುಹೋಗುತ್ತಿತ್ತು. ಪಕ್ಕೆಲುಬಿನಲ್ಲಿ ಒಂದು ಗಡ್ಡೆ ಇತ್ತು. ಅದನ್ನು ತೆಗೆದರು, ರಿಕೆಟ್ಸ್ ವಾಸಿಯಾಯಿತು. ಪಕ್ಕೆಲುಬಿನ ಗಡ್ಡೆಗೂ ಮೂತ್ರಪಿಂಡ ಸೋರುವುದಕ್ಕೂ ಏನು ನಂಟು? ಗಡ್ಡೆ ಏನನ್ನೋ ರಕ್ತಕ್ಕೆ ಬಿಡುತ್ತಿರಬೇಕು ಎಂದು ಪ್ರಾಡರ್ ಊಹಿಸಿದರು. ಆ 'ಏನೋ' ಕೈಗೆ ಸಿಗಲು ನಲವತ್ತು ವರ್ಷ ಹಿಡಿಯಿತು.

2000ನೇ ಇಸವಿಯಲ್ಲಿ, ತಲೆಮಾರಿನಿಂದ ತಲೆಮಾರಿಗೆ ರಿಕೆಟ್ಸ್ ಇಳಿದುಬಂದ ಕೆಲವು ಕುಟುಂಬಗಳ ಜೀನ್ ಹುಡುಕುತ್ತಾ ಹೋದವರಿಗೆ ಎಫ್‌ಜಿಎಫ್-23 ಎಂಬ ಪ್ರೋಟೀನ್ ಸಿಕ್ಕಿತು. ಮರುವರ್ಷವೇ ಜಪಾನಿನ ತಂಡವೊಂದು, ಪ್ರಾಡರ್ ಕಂಡಂಥ ಗಡ್ಡೆಗಳು ಸುರಿಯುವುದೂ ಇದನ್ನೇ ಎಂದು ತೋರಿಸಿತು. ಹಾಗಾದರೆ ಆರೋಗ್ಯವಂತರಲ್ಲಿ ಇದನ್ನು ತಯಾರಿಸುವವರು ಯಾರು? ಗೋಡೆಯಲ್ಲಿ ಹುದುಗಿದ ಅದೇ ಮೇಸ್ತ್ರಿಗಳು, ಆಸ್ಟಿಯೋಸೈಟ್‌ಗಳು.

ಕೆಲಸ ಹೀಗೆ. ನಮ್ಮ ಊಟದ ಹಾಲು, ಬೇಳೆ, ಮಾಂಸದಿಂದ ಫಾಸ್ಫೇಟ್ ರಕ್ತಕ್ಕೆ ಬರುತ್ತದೆ. ಮೂಳೆಗೂ ಅದು ಬೇಕು, ಆದರೆ ಬೇಕಾದಷ್ಟೇ. ಜಾಸ್ತಿಯಾದರೆ ಕ್ಯಾಲ್ಸಿಯಂ ಜೊತೆ ಸೇರಿ ರಕ್ತನಾಳದ ಗೋಡೆಗೆ ಗಾರೆಯಂತೆ ಹತ್ತುತ್ತದೆ. ಉಗ್ರಾಣದ ಯಜಮಾನನಿಗೇ ಸರಕಿನ ಲೆಕ್ಕ ಚೆನ್ನಾಗಿ ಗೊತ್ತಿರುವುದು, ಅಲ್ಲವೆ? ಮೂಳೆ ಎಫ್‌ಜಿಎಫ್-23 ಕಳಿಸಿ ಮೂತ್ರಪಿಂಡಕ್ಕೆ ಎರಡು ಮಾತು ಹೇಳುತ್ತದೆ: ಫಾಸ್ಫೇಟನ್ನು ಮೂತ್ರಕ್ಕೆ ಬಿಡು, ವಿಟಮಿನ್ ಡಿಯನ್ನು ಚುರುಕುಗೊಳಿಸುವುದನ್ನು ಕಡಿಮೆ ಮಾಡು, ಕರುಳು ಇನ್ನಷ್ಟು ಹೀರುವುದು ಬೇಡ.

ಹೇಳಿದರೆ ಸಾಲದು, ಕೇಳುವ ಕಿವಿಯೂ ಬೇಕು. ಆ ಕಿವಿಯ ಕಥೆ ಬೇರೆಯೇ ದಾರಿಯಿಂದ ಬಂತು. 1997ರಲ್ಲಿ ಜಪಾನಿನ ಮಕೋಟೊ ಕುರೊ-ಓ ಮತ್ತು ಸಂಗಡಿಗರ ಪ್ರಯೋಗಾಲಯದಲ್ಲಿ ಕೆಲವು ಇಲಿಗಳು ಎರಡೇ ತಿಂಗಳಲ್ಲಿ ಮುದಿಯಾಗಿ ಸಾಯತೊಡಗಿದವು. ರಕ್ತನಾಳ ಗಡುಸು, ಚರ್ಮ ತೆಳು, ಮೂಳೆ ಟೊಳ್ಳು. ಕೆಟ್ಟಿದ್ದ ಜೀನ್‌ಗೆ ಅವರು ಕ್ಲೋಥೋ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಆಯುಸ್ಸಿನ ದಾರ ನೂಲುವ ದೇವತೆ ಆಕೆ, ನಮ್ಮ ಉತ್ತರ ಕರ್ನಾಟಕದ ಸಟವಿ ಹುಟ್ಟಿದ ಮಗುವಿನ ಹಣೆಬರಹ ಬರೆಯುವ ಹಾಗೆ. 2006ರಲ್ಲಿ ಗುಟ್ಟು ಬಿಚ್ಚಿಕೊಂಡಿತು: ಮೂಳೆಯ ಮಾತನ್ನು ಮೂತ್ರಪಿಂಡ ಕೇಳಿಸಿಕೊಳ್ಳುವುದು ಈ ಕ್ಲೋಥೋ ಪ್ರೋಟೀನಿನ ನೆರವಿನಿಂದ. ಕ್ಲೋಥೋ ಇಲ್ಲದ ಇಲಿಗಳ ಮೂಳೆ ಕೂಗುತ್ತಿತ್ತು, ಮೂತ್ರಪಿಂಡಕ್ಕೆ ಕೇಳಿಸುತ್ತಿರಲಿಲ್ಲ.

ಈ ಸಂಭಾಷಣೆ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಹುಟ್ಟಿನಿಂದಲೇ ಎಫ್‌ಜಿಎಫ್-23 ಅತಿಯಾಗಿ, ಕಾಲು ಸೊಟ್ಟಗಾಗಿ, ಕುಳ್ಳಗೆ ಉಳಿಯುವ ಮಕ್ಕಳಿದ್ದಾರೆ. ಅವರಿಗೆ ದಿನಕ್ಕೆ ನಾಲ್ಕೈದು ಸಲ ರಂಜಕದ ದ್ರಾವಣ ಕುಡಿಸುವುದೇ ಮೊದಲಿದ್ದ ಮುಖ್ಯ ದಾರಿ. ಸೋರುವ ಕೊಡಕ್ಕೆ ನೀರು ಹೊಯ್ಯುವ ಕೆಲಸ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬುರೊಸುಮ್ಯಾಬ್ ಎಂಬ ಚುಚ್ಚುಮದ್ದನ್ನು ಒಪ್ಪಿತು. ಅದು ರಕ್ತದಲ್ಲಿ ಓಡಾಡುವ ಎಫ್‌ಜಿಎಫ್-23ನ್ನೇ ಹಿಡಿದು ಬಾಯಿ ಮುಚ್ಚಿಸುತ್ತದೆ. ಕೊಡದ ತೂತಿಗೇ ಬೆರಳು.

ಇಷ್ಟಾದರೂ ಪತ್ರಿಕೆಗಳ ತಲೆಬರಹದಲ್ಲಿ ಮಿಂಚಿದ್ದು ಎಫ್‌ಜಿಎಫ್-23 ಅಲ್ಲ, ಅದರ ಅಣ್ಣನಂಥ ಇನ್ನೊಂದು ಪ್ರೋಟೀನ್. ಅದರ ಹೆಸರು ಆಸ್ಟಿಯೋಕ್ಯಾಲ್ಸಿನ್. ಅದರ ಜೊತೆ ಬಿಡಿಸಲಾಗದಂತೆ ಬೆಸೆದುಕೊಂಡ ಹೆಸರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ ಕಾರ್ಸೆಂಟಿ ಅವರದು. 1996ರಲ್ಲಿ ಅವರ ತಂಡ ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ಸಾಕಿತು. ಮೂಳೆ ಕಟ್ಟುವ ಕೋಶಗಳೇ ತಯಾರಿಸುವ ಪ್ರೋಟೀನ್ ಅದು, ಇಲ್ಲದಿದ್ದರೆ ಮೂಳೆ ಹಾಳಾಗಬೇಕು ಎಂಬುದು ನಿರೀಕ್ಷೆ. ಮೂಳೆ ಇನ್ನೂ ದಪ್ಪಗಾಯಿತು. ಆದರೆ ಇಲಿಗಳ ಹೊಟ್ಟೆಯಲ್ಲಿ ಕೊಬ್ಬು ತುಂಬಿತ್ತು, ಮರಿ ಹಾಕುವುದೂ ಅಷ್ಟಕ್ಕಷ್ಟೆ. ಮೂಳೆಗೆಂದು ತಯಾರಾದದ್ದು ಹೊಟ್ಟೆಯ ಕೊಬ್ಬಿಗೆ ಏಕೆ ತಾಗಿತು?

ಅದರ ಬೆನ್ನು ಹತ್ತಿದವರು ಒಂದಾದ ಮೇಲೊಂದು ಸಿಡಿಲು ಸಿಡಿಸಿದರು. ಆಸ್ಟಿಯೋಕ್ಯಾಲ್ಸಿನ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚಿಸುತ್ತದೆ ಎಂದು 2007ರಲ್ಲಿ. ಗಂಡಿಲಿಯ ವೃಷಣದಲ್ಲಿ ಟೆಸ್ಟೊಸ್ಟೆರಾನ್ ಏರಿಸುತ್ತದೆ ಎಂದು 2011ರಲ್ಲಿ. ಮಿದುಳಿಗೆ ಹೋಗಿ ನೆನಪಿನ ಶಕ್ತಿಗೆ ನೆರವಾಗುತ್ತದೆ, ಬಸುರಿ ಇಲಿಯ ಮೂಳೆಯಿಂದ ಹೊಕ್ಕುಳ ಬಳ್ಳಿ ಹಾದು ಮರಿಯ ಮಿದುಳನ್ನೂ ಮುಟ್ಟುತ್ತದೆ ಎಂದು 2013ರಲ್ಲಿ. ಮುದಿ ಇಲಿಗೆ ಚುಚ್ಚಿದರೆ ಅದು ಪ್ರಾಯದ ಇಲಿಯಂತೆ ಓಡುತ್ತದೆ ಎಂದು 2016ರಲ್ಲಿ. ಎಲ್ಲಕ್ಕೂ ಕಿರೀಟವಿಟ್ಟಂತೆ 2019ರ ಪ್ರಬಂಧ: ಹೆದರಿಕೆಯಾದಾಗ ಓಡುವ ಚೈತನ್ಯ ಕೊಡುವುದು ನಾವು ನೂರು ವರ್ಷದಿಂದ ನಂಬಿದ ಅಡ್ರಿನಲಿನ್ ಒಂದೇ ಅಲ್ಲ, ಮೂಳೆಯೂ ಹೌದು. ನರಿಮೂತ್ರದ ವಾಸನೆ ಹಿಡಿಸಿದ ಇಲಿಯ ರಕ್ತದಲ್ಲಿ ಆಸ್ಟಿಯೋಕ್ಯಾಲ್ಸಿನ್ ಎರಡು ಮೂರು ನಿಮಿಷದಲ್ಲಿ ಏರಿತ್ತು. ಅಡ್ರಿನಲ್ ಗ್ರಂಥಿಯನ್ನೇ ಕಿತ್ತ ಇಲಿಗಳೂ ಬೆದರಿದವು. ಮನುಷ್ಯರನ್ನು ಭಾಷಣಕ್ಕೆ ನಿಲ್ಲಿಸಿ, ಅಡ್ಡಪ್ರಶ್ನೆ ಹಾಕಿ ನೋಡಿದಾಗಲೂ ಆಸ್ಟಿಯೋಕ್ಯಾಲ್ಸಿನ್ ಏರಿತು. ಮದುವೆಮನೆಯಲ್ಲಿ ಮೈಕ್ ಕೈಗೆ ಕೊಟ್ಟರೆ ನನಗೆ ಮೊಣಕಾಲು ನಡುಗುತ್ತದೆ. ಮೂಳೆಯೇ ಹೆದರುತ್ತಿದೆ ಎಂದು ಇನ್ನು ಮೇಲೆ ಹೇಳಬಹುದು ಎಂದುಕೊಂಡಿದ್ದೆ.

ಕಾರ್ಸೆಂಟಿಯವರ ವಾದದಲ್ಲಿ ಒಂದು ಸೊಗಸಿದೆ, ಅದನ್ನು ಒಪ್ಪಲೇಬೇಕು. ಕಾಡಿನಲ್ಲಿ ಪ್ರಾಣಿಗೆ ಮೂಳೆ ಇರುವುದು ಓಡುವುದಕ್ಕೆ. ಓಡಬೇಕಾದರೆ ಸ್ನಾಯುವಿಗೆ ಸಕ್ಕರೆ ಬೇಕು, ಎಲ್ಲಿ ಅಪಾಯ ಕಂಡಿತ್ತೆಂದು ನೆನಪಿರಬೇಕು. ಓಡಿ ಉಳಿದುಕೊಂಡರೆ ಸಂತಾನ ಬೇಕು. ಇವೆಲ್ಲವನ್ನೂ ಮೂಳೆಯೇ ಹೊಂದಿಸಿಕೊಡುತ್ತದೆ ಎಂದರೆ ಕೇಳಲು ಹಿತ. ಇಷ್ಟು ಚೆನ್ನಾಗಿ ಕೂಡಿಬರುವ ಕಥೆ ಕೇಳಿದಾಗ ನಮ್ಮ ಊರಿನ ಹಿರಿಯರು ಕಣ್ಣು ಕಿರಿದು ಮಾಡಿ 'ಹೌದಾ?' ಎನ್ನುತ್ತಿದ್ದರು.

2020ರಲ್ಲಿ ಆ 'ಹೌದಾ' ಬಂತು. ಜಪಾನಿನ ಒಂದು ತಂಡ, ಅಮೆರಿಕದ ಒಂದು ತಂಡ, ಬೇರೆ ಬೇರೆಯಾಗಿ ತಮ್ಮದೇ ಇಲಿಗಳಲ್ಲಿ ಆಸ್ಟಿಯೋಕ್ಯಾಲ್ಸಿನ್ ಜೀನ್ ಕತ್ತರಿಸಿ ನೋಡಿದವು. ಇಲಿಗಳ ಸಕ್ಕರೆ ಸರಿಯಾಗಿತ್ತು, ಮರಿಗಳೂ ಹುಟ್ಟಿದವು. ವ್ಯತ್ಯಾಸ ಕಂಡದ್ದು ಮೂಳೆಯೊಳಗಿನ ಹರಳುಗಳಲ್ಲಿ ಮಾತ್ರ. ಎರಡೂ ಪ್ರಬಂಧಗಳು ಒಂದೇ ನಿಯತಕಾಲಿಕದಲ್ಲಿ ಅಕ್ಕಪಕ್ಕ ಬಂದವು. ಇಲಿಯ ತಳಿ ಬೇರೆ, ಆಹಾರ ಬೇರೆ, ಜೀನ್ ಕತ್ತರಿಸಿದ ಬಗೆ ಬೇರೆ ಎಂಬ ವಾದ ವಿವಾದ ಅಲ್ಲಿಂದ ಶುರುವಾಯಿತು. ಇನ್ನೂ ನಿಂತಿಲ್ಲ.

ನನ್ನ ಮಟ್ಟಿಗೆ ಇಲಿಗಳ ಜಗಳಕ್ಕಿಂತ ಮನುಷ್ಯರ ಸಾಕ್ಷಿ ಹೆಚ್ಚು ತೂಕದ್ದು. ಕಾರ್ಸೆಂಟಿಯವರ ಲೆಕ್ಕದಂತೆ ಆಸ್ಟಿಯೋಕ್ಯಾಲ್ಸಿನ್ ಹಾರ್ಮೋನ್ ಆಗುವುದು ಆಸ್ಟಿಯೋಕ್ಲಾಸ್ಟ್ ತೋಡುವ ಆಮ್ಲದ ಗುಳಿಯಲ್ಲಿ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ನಂಥ ಔಷಧಗಳು ಆ ತೋಡುವಿಕೆಯನ್ನೇ ತಗ್ಗಿಸುತ್ತವೆ. ಹಾಗಿದ್ದರೆ ಆ ಮಾತ್ರೆ ನುಂಗುವ ಅಜ್ಜಿಯರಿಗೆ ಸಕ್ಕರೆ ಕಾಯಿಲೆ ಹೆಚ್ಚಬೇಕಿತ್ತಲ್ಲ? ಇಂಥ ಔಷಧಗಳ ಮೂರು ದೊಡ್ಡ ಪರೀಕ್ಷೆಗಳಲ್ಲಿ ಭಾಗವಹಿಸಿದ ಸಾವಿರಾರು ಹೆಂಗಸರ ದಾಖಲೆಗಳನ್ನು 2013ರಲ್ಲಿ ಜಾಲಾಡಿದಾಗ ಅಂಥದ್ದೇನೂ ಕಾಣಲಿಲ್ಲ. ಇಲಿಯ ಮೂಳೆ ಮಾತಾಡಿರಬಹುದು. ಮನುಷ್ಯನ ಮೂಳೆ ಅದೇ ಮಾತನ್ನು ಅಷ್ಟೇ ಜೋರಾಗಿ ಆಡುತ್ತದೆ ಎಂದು ಈಗಲೇ ಸಹಿ ಹಾಕಲಾರೆ. ಬಾಟಲಿಯ ಮೇಲೆ ಆಸ್ಟಿಯೋಕ್ಯಾಲ್ಸಿನ್ ಎಂದು ಬರೆದು ಯೌವನ ಮಾರುವವರು ಸಿಕ್ಕರೆ ಜೇಬು ಮುಟ್ಟಿ ನೋಡಿಕೊಳ್ಳಿ.

ಕೊಲಂಬಿಯಾದಲ್ಲೇ ಸ್ಟಾವ್ರೂಲಾ ಕೌಸ್ಟೆನಿ ಅವರ ತಂಡ 2017ರಲ್ಲಿ ಲಿಪೊಕ್ಯಾಲಿನ್-2 ಎಂಬ ಇನ್ನೊಂದು ಮೂಳೆಯ ಹಾರ್ಮೋನನ್ನು ಮುಂದಿಟ್ಟಿತು. ಊಟವಾದ ಮೇಲೆ ಇಲಿಯ ಮೂಳೆ ಇದನ್ನು ಮಿದುಳಿಗೆ ಕಳಿಸಿ 'ಸಾಕು, ಏಳು' ಎನ್ನುತ್ತದಂತೆ. ನನ್ನ ಮೂಳೆ ಬಿರಿಯಾನಿಯ ಮುಂದೆ ಮಾತ್ರ ಬಾಯಿ ಹೊಲಿದುಕೊಳ್ಳುತ್ತದೆ.

ಮಾತು ಎರಡೂ ಕಡೆ ಹರಿಯುತ್ತದೆ. ಕೊಬ್ಬಿನ ಕೋಶಗಳು ಬಿಡುವ ಲೆಪ್ಟಿನ್ ಮಿದುಳಿಗೆ ಹೋಗಿ, ಅಲ್ಲಿಂದ ಮೂಳೆ ಕಟ್ಟುವ ವೇಗವನ್ನು ಬದಲಾಯಿಸುತ್ತದೆ ಎಂದು 2000ದಲ್ಲಿ ತೋರಿಸಿದವರೂ ಕಾರ್ಸೆಂಟಿ ತಂಡದವರೇ. ಲಕ್ನೋದಲ್ಲಿ ವೈದ್ಯಕೀಯ ಓದಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಸೇರಿದ ಮೋನ್ ಜೈದಿ, ಮುಟ್ಟು ನಿಲ್ಲುವ ಹೊತ್ತಿಗೆ ಏರುವ ಎಫ್‌ಎಸ್‌ಎಚ್ ಹಾರ್ಮೋನ್ ನೇರವಾಗಿ ಮೂಳೆಯ ಮೇಲೂ ಕೈ ಹಾಕುತ್ತದೆ ಎಂದು ವರ್ಷಗಳಿಂದ ವಾದಿಸುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಮುಗಿಸಿ ಕೊಲಂಬಿಯಾಗೆ ಹೋದ ವಿಜಯ್ ಯಾದವ್ 2008ರಲ್ಲಿ, ಕರುಳಿನಲ್ಲಿ ಹುಟ್ಟುವ ಸೆರೊಟೋನಿನ್ ಮೂಳೆ ಕಟ್ಟುವುದನ್ನು ತಡೆಯುತ್ತದೆ ಎಂದರು. ಅದಕ್ಕೂ ಮೂರೇ ವರ್ಷದಲ್ಲಿ ಎದುರುವಾದ ಬಂತು. ಈ ಕ್ಷೇತ್ರದಲ್ಲಿ ತಕರಾರಿಲ್ಲದೆ ದಾಟಿದವರು ಕಡಿಮೆ. ವೈದ್ಯರು ಬಹಳ ಹಿಂದೆಯೇ ಗಮನಿಸಿದ ಒಂದು ವಿಚಿತ್ರವೂ ಇದೆ. ಬೈಕ್ ಅಪಘಾತದಲ್ಲಿ ತಲೆಗೂ ಪೆಟ್ಟಾಗಿ ತೊಡೆಯೂ ಮುರಿದವರಲ್ಲಿ ಎಷ್ಟೋ ಸಲ ಮೂಳೆ ಮಾಮೂಲಿಗಿಂತ ಬೇಗ, ಬೇಕಾದ್ದಕ್ಕಿಂತ ದಪ್ಪಗೆ ಕೂಡಿಕೊಳ್ಳುತ್ತದೆ. ಪೆಟ್ಟು ತಿಂದ ಮಿದುಳು ಮೂಳೆಗೆ ಏನೋ ಹೇಳಿರುತ್ತದೆ.

ಎಲ್ಲಕ್ಕಿಂತ ಹಳೆಯ ಸಂಭಾಷಣೆ ಭಾರದ ಜೊತೆಗಿನದು. ಮೂಳೆ ತಾನು ಹೊರುವ ಹೊರೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದರು. ಟೆನಿಸ್ ಆಡುವವರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದೆ ತೇಲುವವರು ಸೊಂಟದ ಮೂಳೆಯ ಸಾಂದ್ರತೆಯನ್ನು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಕಳೆದುಕೊಳ್ಳುತ್ತಾರೆ. ಈ ತೂಕ ಅಳೆಯುವವನು ಯಾರು? ಮತ್ತೆ ಅದೇ ಮೇಸ್ತ್ರಿ. ಹೆಜ್ಜೆ ಊರಿದಾಗ ಮೂಳೆ ಕೂದಲೆಳೆಯಷ್ಟು ಬಾಗುತ್ತದೆ, ಕಿರುಕಾಲುವೆಗಳಲ್ಲಿ ದ್ರವ ಸರಿಯುತ್ತದೆ, ಆಸ್ಟಿಯೋಸೈಟ್‌ನ ಎಳೆಗಳಿಗೆ ಅದು ತಾಕುತ್ತದೆ. ತಾಕದಿದ್ದರೆ ಆಸ್ಟಿಯೋಸೈಟ್ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನ್ ಬಿಟ್ಟು 'ಕಟ್ಟುವುದು ನಿಲ್ಲಿಸಿ' ಎನ್ನುತ್ತದೆ. ತಾಕಿದರೆ ಆ ತಡೆಯಾಜ್ಞೆ ಸಡಿಲವಾಗುತ್ತದೆ.

ಈ ತಡೆಯಾಜ್ಞೆಯ ಜೀನೇ ಕೆಟ್ಟವರು ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿದ್ದಾರೆ. ಅವರ ಮೂಳೆ ಮುರಿಯುವುದು ಬಲು ಅಪರೂಪ. ವರ ಎಂದುಕೊಳ್ಳಬೇಡಿ. ಕಟ್ಟುವವರಿಗೆ ನಿಲ್ಲಿಸು ಎನ್ನುವವರಿಲ್ಲದೆ ತಲೆಬುರುಡೆ ದಪ್ಪವಾಗುತ್ತಲೇ ಹೋಗಿ, ನರಗಳು ಹಾದುಹೋಗುವ ತೂತುಗಳೇ ಮುಚ್ಚುತ್ತಾ ಬರುತ್ತವೆ. ಮುಖ ಒಂದು ಕಡೆ ಸತ್ತಂತಾಗುತ್ತದೆ, ಕಿವಿ ಕೇಳಿಸುವುದಿಲ್ಲ. ಅವರ ಸಂಕಟವನ್ನು ಅಭ್ಯಾಸ ಮಾಡಿದ್ದರಿಂದ ಮೂಳೆ ಸವೆದ ಮುದುಕಿಯರಿಗೆ ಔಷಧ ಸಿಕ್ಕಿತು. ಸ್ಕ್ಲೆರೋಸ್ಟಿನ್‌ನ ಬಾಯಿ ಕಟ್ಟುವ ರೊಮೊಸೊಜುಮ್ಯಾಬ್ 2019ರಲ್ಲಿ ಮಾರುಕಟ್ಟೆಗೆ ಬಂತು. ಒಂದೇ ವರ್ಷ ಕೊಡುತ್ತಾರೆ, ಅದೂ ಹೃದಯಾಘಾತ, ಪಾರ್ಶ್ವವಾಯು ಆಗಿದೆಯೇ ಎಂದು ವಿಚಾರಿಸಿಕೊಂಡು.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಯಾನ್-ಊಲೋವ್ ಯಾನ್ಸನ್ ಮತ್ತು ಸಂಗಡಿಗರು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಲಿಗಳ ಹೊಟ್ಟೆಯಲ್ಲಿ ಭಾರದ ಬಿಲ್ಲೆ ಇಟ್ಟು ಹೊಲಿದರೆ ಅವು ಕಡಿಮೆ ತಿಂದು, ಮೈಯ ತೂಕವನ್ನೇ ಇಳಿಸಿಕೊಂಡವು. ಕಾಲಿನ ಮೂಳೆಗಳು ತಕ್ಕಡಿಯಂತೆ ತೂಗಿ ಮಿದುಳಿಗೆ ವರದಿ ಕಳಿಸುತ್ತವೆ, ಕೂತೇ ಇರುವವರ ತಕ್ಕಡಿಗೆ ತೂಕವೇ ಬೀಳುವುದಿಲ್ಲ ಎಂಬುದು ಅವರ ಊಹೆ. ಊಹೆಯೇ, ಸದ್ಯಕ್ಕೆ. ಆದರೂ ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಬರೆಯುವ ನನಗೆ ಇದನ್ನು ಓದಿದಾಗ ಎದ್ದು ನಿಂತು ಓದಬೇಕೆನಿಸಿತು. ನಿಂತೇ ಮುಗಿಸಿದೆ.

ಚಿಕ್ಕಪ್ಪನ ವಿಚಾರ ಅರ್ಧಕ್ಕೆ ಬಿಟ್ಟೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರ ಮೂತ್ರಪಿಂಡಗಳನ್ನು ತಿಂದುಹಾಕಿದೆ. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ತಿಂಗಳ ರಿಪೋರ್ಟ್ ಬಂದಾಗ ನನಗೆ ಫೋನಿನಲ್ಲಿ ಫೋಟೊ ಕಳಿಸುತ್ತಾರೆ. ಕ್ರಿಯಾಟಿನಿನ್, ಪೊಟ್ಯಾಶಿಯಂ ದಾಟಿ ನನ್ನ ಕಣ್ಣು ಫಾಸ್ಫರಸ್ ಸಾಲಿನ ಮೇಲೆ ನಿಲ್ಲುತ್ತದೆ. ಪಕ್ಕದಲ್ಲಿ ಯಾವಾಗಲೂ ದಪ್ಪಕ್ಷರ: ಹೆಚ್ಚು.

ಆ ಒಂದು ಪದದ ಹಿಂದೆ ಏನಿದೆಯೆಂದು ಈಗ ಗೊತ್ತಾಗುತ್ತದೆ. ಮೂತ್ರಪಿಂಡ ಕೆಡತೊಡಗಿದಾಗ, ರಕ್ತದಲ್ಲಿ ಫಾಸ್ಫೇಟ್ ಏರುವುದಕ್ಕೂ ಮುಂಚೆಯೇ, ಮೂಳೆ ದನಿ ಎತ್ತರಿಸುತ್ತದೆ. ಮೂತ್ರಪಿಂಡದಲ್ಲಿ ಕ್ಲೋಥೋ ಕಡಿಮೆಯಾಗುತ್ತಾ ಬರುವುದರಿಂದ ಅದಕ್ಕೆ ಕಿವಿ ಮಂದ. ಮೂಳೆ ಇನ್ನೂ ಜೋರಾಗಿ ಕೂಗುತ್ತದೆ. ಡಯಾಲಿಸಿಸ್ ಹಂತಕ್ಕೆ ಬಂದವರಲ್ಲಿ ಎಫ್‌ಜಿಎಫ್-23 ಮಾಮೂಲಿಗಿಂತ ನೂರಾರು ಪಟ್ಟು ಇರುವುದುಂಟು. ಕೇಳಬೇಕಾದವರಿಗೆ ಕೇಳದ ಕೂಗು ಕೇಳಬಾರದವರಿಗೆ ಕೇಳುತ್ತದೆ. ಕ್ಲೋಥೋ ಇಲ್ಲದ ಹೃದಯದ ಸ್ನಾಯುವನ್ನು ಈ ಪ್ರೋಟೀನ್ ದಪ್ಪಗಾಗಿಸುತ್ತದೆ ಎಂದು ಮಯಾಮಿ ವಿಶ್ವವಿದ್ಯಾಲಯದ ತಂಡ 2011ರಲ್ಲಿ ತೋರಿಸಿತು. ಮೂತ್ರಪಿಂಡ ಕೆಟ್ಟವರು ಹೃದಯದಿಂದ ಸಾಯುವುದು ಏಕೆ ಎಂಬ ಹಳೆಯ ಪ್ರಶ್ನೆಗೆ ಇದೂ ಒಂದು ಉತ್ತರ. ಚಿಕ್ಕಪ್ಪನ ಎಕೋ ರಿಪೋರ್ಟಿನಲ್ಲೂ ಎಡಭಾಗದ ಗೋಡೆ ದಪ್ಪಗಾಗಿದೆ ಎಂದಿದೆ. ಬಿಪಿಯಿಂದ ಎಂದು ಡಾಕ್ಟರು ಹೇಳಿದ್ದಾರೆ, ಅದೂ ನಿಜವೇ ಇರಬೇಕು. ನಾನು ಎಫ್‌ಜಿಎಫ್ ಗಿಎಫ್ ಎಂದು ಚಿಕ್ಕಪ್ಪನಿಗೆ ವಿವರಿಸಲು ಹೋಗಿಲ್ಲ.

ಊಟದ ಜೊತೆ ನುಂಗುವ ದಪ್ಪ ಮಾತ್ರೆಗಳನ್ನು ಅವರು 'ರಂಜಕದ ಗುಳಿಗೆ' ಎನ್ನುತ್ತಾರೆ. ಅವು ಹೊಟ್ಟೆಯಲ್ಲೇ ಫಾಸ್ಫೇಟನ್ನು ಹಿಡಿದು ಮಲದ ಜೊತೆ ಸಾಗಹಾಕಲಿಕ್ಕೆ. ಡಯಟಿಷಿಯನ್ ಕೊಟ್ಟ ಹಾಳೆಯಲ್ಲಿ ಮೂಳೆ ಸಾರು, ಕಾಲು ಸೂಪಿಗೆ ಅಡ್ಡಗೆರೆ. ಆ ಹಾಳೆಯನ್ನು ಚಿಕ್ಕಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ.

ಮೊನ್ನೆಯ ಭಾನುವಾರ ಮಟನ್ ಹಿಡಿದು ಅವರ ಮನೆಗೇ ಹೋಗಿದ್ದೆ. ಚಿಕ್ಕಮ್ಮ ಎಲ್ಲರಿಗೂ ಬಡಿಸಿದರು, ಚಿಕ್ಕಪ್ಪನ ತಟ್ಟೆಗೆ ಅಳೆದು ಎರಡು ಮೆತ್ತನೆ ಪೀಸು.

'ನಲ್ಲಿ ಎಲ್ಲೋ?' ಎಂದರು ನನ್ನ ಕಡೆ ನೋಡಿ.

'ನಿಮಗೆ ಬೇಡ ಅಂದಿದ್ದಾರಲ್ಲ ಚಿಕ್ಕಪ್ಪ.'

'ತಿನ್ನಲ್ಲ ಕಣೋ, ಇಲ್ಲಿ ಕೊಡು.'

ನನ್ನ ತಟ್ಟೆಯಿಂದ ನಲ್ಲಿ ಎತ್ತಿಕೊಂಡು, ತುದಿಯನ್ನು ಬೆರಳಲ್ಲಿ ಒರೆಸಿ, ಒಳಗೆ ಇಣುಕಿ ನೋಡಿದರು. ಪಕ್ಕದಲ್ಲಿ ಮೊಮ್ಮಗ ಕೂತಿದ್ದ, ಆರು ವರ್ಷ. ಚಿಕ್ಕಪ್ಪ ತಮ್ಮ ಸ್ಟೀಲ್ ತಟ್ಟೆಯ ಅಂಚಿಗೆ ಮೂಳೆಯನ್ನು ಎರಡು ಸಲ ಟಕಟಕ ಕುಟ್ಟಿ, ಮಜ್ಜೆ ಅರ್ಧ ಹೊರಬಂದದ್ದನ್ನು ನೋಡಿಕೊಂಡು, 'ಬಾಯಿಟ್ಟು ಜೋರಾಗಿ ಎಳಿ' ಎಂದು ಹುಡುಗನ ಕೈಗೆ ಕೊಟ್ಟರು.